ಮುಖಕ್ಕೂ ಅಜೀರ್ಣವುಂಟು

ಜಿಡ್ಡಿನ ಮುಖದವರ ಚರ್ಮ ಗಟ್ಟಿ, ಅದಕ್ಕೆ ಏನು ಹಚ್ಚಿದರೂ ನಡೆಯುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಆದ್ದರಿಂದಲೇ ಮೊಡವೆಯೆದ್ದ ಮಗನಿಗೆ ದಿನಕ್ಕೆ ಐದು ಸಲ ಸಾಬೂನು ಹಚ್ಚಿ ತೊಳೆಯಲು ಹೇಳುತ್ತೇವೆ. ಮಗಳ ಕೆನ್ನೆಗೆ ನಿಂಬೆಯ ಹೋಳನ್ನು ಉಜ್ಜುತ್ತೇವೆ. ಸುಮಾರು ನಾಲ್ಕು ದಶಕಗಳ ವೈದ್ಯವೃತ್ತಿಯಲ್ಲಿ ನಾನು ಕಂಡಿರುವುದು ಇದಕ್ಕೆ ವಿರುದ್ಧವಾದುದು. ಮುಖ ಜಿಡ್ಡಾಗಿರುವ ಅನೇಕರ ಚರ್ಮ ಬಹುಬೇಗ ಕೆಂಪೇರುತ್ತದೆ, ಉರಿಯುತ್ತದೆ, ಸಿಪ್ಪೆಯೇಳುತ್ತದೆ. ಜಿಡ್ಡು ಬೇರೆ, ತಾಳಿಕೆ ಬೇರೆ.

ಮುಖದ ಮೇಲೆ ಹೊಳೆಯುವ ಜಿಡ್ಡು ರೋಮಕೂಪಗಳಿಗೆ ಹೊಂದಿಕೊಂಡ ಗ್ರಂಥಿಗಳಿಂದ ಒಸರುವಂಥದು. ಚರ್ಮವನ್ನು ಮುಖ್ಯವಾಗಿ ಕಾಯುವುದು ಅದಲ್ಲ. ಹೊರಪದರದ ಜೀವಕೋಶಗಳ ನಡುವೆ, ಇಟ್ಟಿಗೆಗಳ ನಡುವಿನ ಗಾರೆಯಂತೆ, ಬೇರೊಂದು ಸ್ನಿಗ್ಧಾಂಶವಿದೆ. ಒಳಗಿನ ತೇವ ಹೊರಹೋಗದಂತೆ, ಹೊರಗಿನ ಉಪದ್ರವ ಒಳಬಾರದಂತೆ ತಡೆಯುವುದು ಈ ಗಾರೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಮಾನ ಸುಮಾರು 5. ನಾವು ಬಳಸುವ ಸಾಮಾನ್ಯ ಸಾಬೂನಿನದು 9ರಿಂದ 10, ಅಂದರೆ ಕ್ಷಾರ. ಮತ್ತೆ ಮತ್ತೆ ತೊಳೆದರೆ ಗಾರೆ ಕರಗುತ್ತದೆ; ಗ್ರಂಥಿ ಮಾತ್ರ ತನ್ನ ಪಾಡಿಗೆ ಜಿಡ್ಡನ್ನು ಸುರಿಸುತ್ತಲೇ ಇರುತ್ತದೆ. ಮೇಲೆ ಎಣ್ಣೆ, ಕೆಳಗೆ ಬಿರುಕು. ಇಂಥ ಮುಖವನ್ನು ಕಂಡು ‘ಇನ್ನೂ ಜಿಡ್ಡು ಹೋಗಿಲ್ಲ’ ಎಂದು ಮತ್ತೊಮ್ಮೆ ಉಜ್ಜುವುದು ಗಾಯಕ್ಕೆ ಉಪ್ಪು ಸವರಿದಂತೆ.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಈ ಮೊಡವೆಗೆ ಮುಖದೂಷಿಕಾ ಎಂಬ ಹೆಸರಿದೆ. ಬೂರುಗದ ಮರದ ಮುಳ್ಳಿನ ಆಕಾರದಲ್ಲಿ ಯುವಕರ ಮುಖದ ಮೇಲೆ ಏಳುವ ಪಿಡಕೆ, ಕಫ, ವಾತ ಮತ್ತು ರಕ್ತದಿಂದ ಹುಟ್ಟುವಂಥದು ಎಂಬುದು ಅಲ್ಲಿಯ ವಿವರಣೆ. ಕಫವೊಂದನ್ನೇ ಹೇಳಿ ನಿಲ್ಲಿಸಿಲ್ಲವೆಂಬುದು ಗಮನಾರ್ಹ. ಕಫವೊಂದೇ ಆಗಿದ್ದರೆ ಒಣಗಿಸಿದರೆ ಸಾಕಿತ್ತು. ವಾತವೂ ರಕ್ತವೂ ಸೇರಿರುವಲ್ಲಿ ಅತಿಯಾಗಿ ಒಣಗಿಸಿದರೆ ವಾತ ಕೆರಳುತ್ತದೆ, ಖಾರವಾದುದನ್ನು ಹಚ್ಚಿದರೆ ರಕ್ತ ಕೆರಳುತ್ತದೆ.

ಈಗಿನ ವಿದ್ಯಾರ್ಥಿಗಳ ಬಾಯಲ್ಲಿ ‘ಆ್ಯಕ್ಟಿವ್’ ಎಂಬುದೊಂದು ಹೊಸ ಶಬ್ದ. ಪ್ರಸಾದ ನಿಲಯದಲ್ಲಿದ್ದು ಓದುವ ಹುಡುಗರೂ ಬೆಳಿಗ್ಗೆ ಒಂದು ಆಮ್ಲ, ರಾತ್ರಿ ಎರಡು ಸೀರಮ್, ನಡುವೆ ವಿಟಮಿನ್ ಸಿ ಎಂದು ಲೆಕ್ಕ ಒಪ್ಪಿಸುತ್ತಾರೆ. ಶಬ್ದ ಹೊಸತಾದರೂ ವಿಚಾರ ನಮಗೆ ಅಪರಿಚಿತವೇನಲ್ಲ. ಚರ್ಮದಲ್ಲಿ ಭ್ರಾಜಕವೆಂಬ ಅಗ್ನಿಯಿದೆ, ಅಭ್ಯಂಗ, ಪರಿಷೇಕ, ಲೇಪನಗಳಲ್ಲಿ ಬಳಸುವ ಕ್ರಿಯಾದ್ರವ್ಯಗಳನ್ನು ಅದು ಪಚನ ಮಾಡುತ್ತದೆ ಎಂದು ಸುಶ್ರುತನ ಸೂತ್ರಸ್ಥಾನ ತಿಳಿಸುತ್ತದೆ. ಕ್ರಿಯಾದ್ರವ್ಯ! ಇದಕ್ಕಿಂತ ಒಪ್ಪುವ ಕನ್ನಡ ಪದವನ್ನು ನಾವು ಬೇರೆಲ್ಲೂ ಹುಡುಕಬೇಕಿಲ್ಲ. ಅಗ್ನಿಯೆಂದ ಮೇಲೆ ಅದಕ್ಕೊಂದು ಮಿತಿಯುಂಟು. ಜಠರಾಗ್ನಿ ಮಂದವಾಗಿರುವಾಗ ಹೋಳಿಗೆ, ಕರಿದ ಪದಾರ್ಥ, ಮೊಸರು ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಉಂಡರೆ ಏನಾಗುತ್ತದೆಯೋ, ಸೂಕ್ಷ್ಮ ಚರ್ಮಕ್ಕೆ ಐದು ಕ್ರಿಯಾದ್ರವ್ಯಗಳನ್ನು ಒಂದೇ ರಾತ್ರಿ ಬಡಿಸಿದರೂ ಅದೇ ಆಗುತ್ತದೆ.

ಅದೇ ಸೂತ್ರಸ್ಥಾನದಲ್ಲಿ ಲೇಪದ ನಿಯಮಗಳಿವೆ. ಹಿಂದಿನ ದಿನದ ಲೇಪವನ್ನು ಬಳಸಕೂಡದು, ಲೇಪದ ಮೇಲೆ ಲೇಪ ಹಾಕಕೂಡದು, ಒತ್ತಿ ಹಿಂಡಬೇಕಾದ ಬಾವನ್ನು ಬಿಟ್ಟು ಬೇರೆಡೆ ಲೇಪ ಒಣಗುವವರೆಗೆ ಬಿಡಕೂಡದು. ನಮ್ಮ ಹೆಣ್ಣುಮಕ್ಕಳು ಮುಲ್ತಾನಿ ಮಿಟ್ಟಿಯನ್ನು ಮುಖ ಬಿರಿಯುವಷ್ಟು ಒಣಗಿಸಿ, ನಗಲೂ ಆಗದಂತೆ ಕುಳಿತಿರುವುದನ್ನು ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ. ಏಳೆಂಟು ಪದರಗಳ ಈಗಿನ ಉಪಚಾರಕ್ಕೂ ಅದೇ ಎಚ್ಚರಿಕೆ ಸಲ್ಲುತ್ತದೆ.

ಇನ್ನು ನಾನು ಹೇಳಹೊರಟಿರುವುದು ನನ್ನ ವೃತ್ತಿಬಾಂಧವರಿಗೆ ಅಷ್ಟು ಹಿತವಾಗದಿರಬಹುದು. ‘ನೈಸರ್ಗಿಕವಾದುದು ನಿರಪಾಯ, ರಾಸಾಯನಿಕವಾದುದು ವಿಷ’ ಎಂಬ ಘೋಷಣೆಯನ್ನು ಆಯುರ್ವೇದದ ಹೆಸರಿನಲ್ಲಿ ಹಂಚುತ್ತಿರುವುದು ಆಯುರ್ವೇದಕ್ಕೇ ದ್ರೋಹ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಭಲ್ಲಾತಕ ಪೂರ್ತಿ ನೈಸರ್ಗಿಕ. ಅದರ ರಸ ತಗುಲಿದರೆ ಚರ್ಮ ಬೊಬ್ಬೆಯೇಳುತ್ತದೆ. ತೊನ್ನಿಗೆ ಬಳಸುವ ಬಾಕುಚಿಯನ್ನು, ಅಂದರೆ ಬಾವಂಚಿಯನ್ನು, ಹಚ್ಚಿಕೊಂಡು ಬಿಸಿಲಿಗೆ ಹೋದವರಿಗೆ ಸುಟ್ಟ ಗಾಯಗಳಾದುದನ್ನು ವೈದ್ಯರೆಲ್ಲರೂ ಬಲ್ಲರು. ಅದರಲ್ಲಿರುವ ಸೋರಾಲೆನ್ ಬಿಸಿಲಿನೊಂದಿಗೆ ಸೇರಿ ಚರ್ಮವನ್ನು ಸುಡುತ್ತದೆ. ಈಗ ಬಾಕುಚಿಯೋಲ್ ಎಂಬ ಅದರ ಶುದ್ಧೀಕೃತ ಅಂಶ ಸೀರಮ್‌ಗಳಲ್ಲಿ ಬರುತ್ತಿದೆ. ಅದು ಬೇರೆ, ಅಂಗಡಿಯಲ್ಲಿ ಸಿಗುವ ಬಾಕುಚಿ ಎಣ್ಣೆ ಬೇರೆ. ಹೆಸರು ಒಂದೇ ಎಂದು ಎಣ್ಣೆಯನ್ನು ಮುಖಕ್ಕೆ ಹಚ್ಚಿಕೊಳ್ಳಬಾರದು. ನಿಂಬೆರಸದ ಪಿಎಚ್ ಮಾನ ಸುಮಾರು 2. ಅಡುಗೆ ಸೋಡಾ ಅದಕ್ಕೆ ವಿರುದ್ಧವಾಗಿ ಕ್ಷಾರ. ಎರಡೂ ಅಡುಗೆಮನೆಯಲ್ಲಿಯೇ ಇರಲಿ. ಹಲ್ಲುಜ್ಜುವ ಪೇಸ್ಟ್ ಕೂಡ ಹಲ್ಲಿಗಷ್ಟೇ.

ಹಾಗೆಯೇ ‘ಕೆಮಿಕಲ್’ ಎಂಬ ಶಬ್ದಕ್ಕೆ ಬೆಚ್ಚುವುದೂ ಬೇಡ. ಸ್ಯಾಲಿಸಿಲಿಕ್ ಆಮ್ಲದ ಮೂಲಕಥೆ ವಿಲ್ಲೋ ಮರದ ತೊಗಟೆಯಿಂದ ಆರಂಭವಾಗುತ್ತದೆ. ಅದು ಎಣ್ಣೆಯಲ್ಲಿ ಕರಗುವ ಗುಣವುಳ್ಳದ್ದು; ಆದ್ದರಿಂದ ಜಿಡ್ಡು ತುಂಬಿದ ರೋಮಕೂಪದ ಒಳಹೊಕ್ಕು ಅಲ್ಲಿ ಕಟ್ಟಿಕೊಂಡ ಕೊಳೆಯನ್ನು ಸಡಿಲಿಸಬಲ್ಲದು. ಕಪ್ಪುಚುಕ್ಕೆ, ಬಾಯಿಲ್ಲದ ಸಣ್ಣ ಗುಳ್ಳೆಗಳಿಗೆ ಇದು ಒಳ್ಳೆಯದು. ಪ್ರಮಾಣ ಶೇಕಡಾ 2ನ್ನು ಮೀರಬಾರದು. ಆಸ್ಪಿರಿನ್ ಒಗ್ಗದವರು ಮುಟ್ಟಬಾರದು. ಅಜೆಲಾಯಿಕ್ ಆಮ್ಲ ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿಯೂ ಇರುವ ವಸ್ತು. ಕೆಂಪು, ಮೊಡವೆ, ಅದು ಉಳಿಸಿಹೋದ ಕಲೆ ಈ ಮೂರಕ್ಕೂ ನೆರವಾಗುತ್ತದೆ. ಜಿಡ್ಡಾದರೂ ಸೂಕ್ಷ್ಮವಾದ ಚರ್ಮಕ್ಕೆ ಒಂದನ್ನೇ ಆರಿಸೆಂದರೆ ನಾನು ಆರಿಸುವುದು ಶೇಕಡಾ 10ರ ಇದನ್ನೇ. ಮೊದಲ ದಿನಗಳಲ್ಲಿ ಸ್ವಲ್ಪ ತುರಿಸುತ್ತದೆ, ಅಷ್ಟೆ. ನಯಾಸಿನಮೈಡ್ ವಿಟಮಿನ್ ಬಿ3ರ ಒಂದು ರೂಪ; ಶೇಕಡಾ 2ರಿಂದ 5 ಇದ್ದರೆ ಸಾಕಾಗುತ್ತದೆ. ಆದರೆ ಅಂಗಡಿಯವರು 10ನ್ನು ಮುಂದಿಡುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ಗುಣ ಹೆಚ್ಚೆಂದು ಹುಡುಗರು ನಂಬುತ್ತಾರೆ. ಬೆಂಜಾಯಿಲ್ ಪೆರಾಕ್ಸೈಡ್ ವಿಷಯದಲ್ಲಿಯೂ ಇದೇ ಭ್ರಮೆ. ಶೇಕಡಾ 2.5ರದು 10ರಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. ಕೀವು ತುಂಬಿದ ಕೆಂಪು ಮೊಡವೆಯುಳ್ಳವರು ಅದನ್ನು ಐದು ನಿಮಿಷ ಹಚ್ಚಿಟ್ಟು ತೊಳೆದರೂ ಉಪಯೋಗವಿದೆ. ಅದು ಬಟ್ಟೆಯ ಬಣ್ಣ ತೆಗೆಯುತ್ತದೆಯಾದ್ದರಿಂದ ಬಿಳಿಯ ಟವೆಲ್ ಇಟ್ಟುಕೊಳ್ಳುವುದು ಲೇಸು.

ಅಡಾಪಲೀನ್‌ನಂಥ ರೆಟಿನಾಯ್ಡ್‌ಗಳು ಮೊಡವೆಗೆ ನಿಜವಾಗಿ ಬಲವಾದ ಔಷಧ, ಆದರೆ ವೈದ್ಯರ ಚೀಟಿಯಿಂದಲೇ ಆರಂಭಿಸಬೇಕಾದುದು. ಗರ್ಭಿಣಿಯರಿಗೂ ಗರ್ಭ ಧರಿಸಲು ಬಯಸುವವರಿಗೂ ನಿಷಿದ್ಧ. ವಿಟಮಿನ್ ಸಿ ಸೀರಮ್ ಸಾಮಾನ್ಯವಾಗಿ ತೀರ ಆಮ್ಲೀಯವಾಗಿರುವುದರಿಂದ ಉರಿಯುವ ಮುಖದವರು ಅದರ ಆಸೆಯನ್ನು ಸದ್ಯಕ್ಕೆ ಬಿಟ್ಟರೂ ನಷ್ಟವಿಲ್ಲ.

ಕ್ರಮ ಹೇಗಿರಬೇಕು? ಮೊದಲ ನಾಲ್ಕು ವಾರ ಯಾವ ಕ್ರಿಯಾದ್ರವ್ಯವೂ ಬೇಡ. ಇದನ್ನು ಹೇಳಿದ ಕೂಡಲೇ ಮಕ್ಕಳ ಮುಖ ಬಾಡುತ್ತದೆ. ಆದರೂ ಇದು ಉಪವಾಸ. ಕೆರಳಿದ ಅಗ್ನಿ ಸಮಸ್ಥಿತಿಗೆ ಬರಲು ಬೇಕಾದ ಲಂಘನ. ಬೆಳಿಗ್ಗೆ ಮತ್ತು ರಾತ್ರಿ ಎರಡೇ ಸಲ, ಸುವಾಸನೆಯಿಲ್ಲದ ಮೃದುವಾದ ಫೇಸ್‌ವಾಷ್‌ನಿಂದ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆಯಬೇಕು. ಒರೆಸುವಾಗ ಉಜ್ಜದೆ ಒತ್ತಬೇಕು. ಮೇಲೆ ತೆಳುವಾದ ಜೆಲ್ ರೂಪದ ಮಾಯಿಶ್ಚರೈಸರ್. ಜಿಡ್ಡಿನ ಮುಖಕ್ಕೆ ಇದೇಕೆ ಎಂದು ಎಲ್ಲರೂ ಕೇಳುತ್ತಾರೆ. ಕರಗಿದ ಗಾರೆಯನ್ನು ಮತ್ತೆ ಕಟ್ಟಲು ಅದು ಬೇಕು. ಕೊಬ್ಬರಿ ಎಣ್ಣೆ ಆ ಕೆಲಸ ಮಾಡದು. ಮೊಡವೆಯ ಮುಖದಲ್ಲಿ ಅದು ರೋಮಕೂಪಗಳನ್ನು ಕಟ್ಟುತ್ತದೆ. ಕಫ ಹೆಚ್ಚಿದವರಿಗೆ ಅಭ್ಯಂಗ ಬೇಡವೆಂದು ಅಷ್ಟಾಂಗ ಹೃದಯವೂ ಹೇಳುತ್ತದೆ. ಹಗಲು ಹೊರಹೋಗುವ ಮುನ್ನ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಸತುವಿನ ಆಕ್ಸೈಡ್ ಇರುವುದು ಸೂಕ್ಷ್ಮ ಚರ್ಮಕ್ಕೆ ಹೆಚ್ಚು ಒಗ್ಗುತ್ತದೆ. ಹೊಲಕ್ಕೆ ಹೋಗುವವರಿಗೆ, ಬೈಕ್ ಮೇಲೆ ತಿರುಗುವವರಿಗೆ ಇದು ಶೋಕಿಯಲ್ಲ.

ಉರಿ ನಿಂತ ಮೇಲೆ ಒಂದು ದ್ರವ್ಯ. ಒಂದೇ. ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಒಂದು ವಾರ ದಿನವೂ ಹಚ್ಚಿ ನೋಡಬೇಕು. ತುರಿಕೆ, ಕೆಂಪು ಕಾಣದಿದ್ದರೆ ವಾರಕ್ಕೆ ಎರಡು ರಾತ್ರಿ ಮುಖಕ್ಕೆ, ಎರಡು ಮೂರು ವಾರಗಳ ನಂತರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಎರಡನೆಯ ದ್ರವ್ಯದ ಮಾತು ಎರಡು ತಿಂಗಳ ನಂತರ. ಹೊರಚರ್ಮ ಹೊಸದಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಇಂದು ಕಾಣುವ ಮೊಡವೆ ಕೆಲವು ವಾರಗಳ ಹಿಂದೆಯೇ ಒಳಗೆ ಹುಟ್ಟಿದ್ದು. ಆದ್ದರಿಂದ ಎಂಟರಿಂದ ಹನ್ನೆರಡು ವಾರ ಕಾಯದೆ ಔಷಧವನ್ನು ದೂಷಿಸುವುದು ಸಲ್ಲ. ಹತ್ತು ದಿನಕ್ಕೊಮ್ಮೆ ಸೀಸೆ ಬದಲಿಸುವವರಿಗೆ ಯಾವುದು ಗುಣ ಮಾಡಿತು, ಯಾವುದು ಕೆಡಿಸಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ನಮ್ಮದೇ ದ್ರವ್ಯ ಬೇಕೆನ್ನುವವರಿಗೆ ಲೋಧ್ರ, ಕೊತ್ತಂಬರಿ ಬೀಜ ಮತ್ತು ಬಜೆಯ ಲೇಪವನ್ನು ಪೂರ್ವಿಕರು ತಾರುಣ್ಯಪಿಡಕೆಗೆ ಹೇಳಿದ್ದಾರೆ. ನಾನು ಅದನ್ನು ಕೊಡುತ್ತೇನೆ. ಆದರೆ ಬಜೆ ತೀಕ್ಷ್ಣವಾದುದು. ಉರಿಯುವ ಮುಖಕ್ಕೆ ಅದನ್ನು ಬಿಟ್ಟು, ಉಳಿದೆರಡನ್ನು ನುಣ್ಣಗೆ ಅರೆದು ಅಂದಂದೇ ಕಲಸಿ, ವಾರಕ್ಕೆರಡು ಸಲ ಹಗಲಿನಲ್ಲಿ ಹಚ್ಚಿ, ಹಸಿಯಿರುವಾಗಲೇ ತೊಳೆಯಲು ಹೇಳುತ್ತೇನೆ. ಆ ದಿನ ಬೇರೆ ಯಾವ ಆಮ್ಲವೂ ಮುಖ ಮುಟ್ಟಬಾರದು. ಇದೂ ಕ್ರಿಯಾದ್ರವ್ಯವೇ, ಎಣಿಕೆಯಲ್ಲಿ ಸೇರುವಂಥದೇ.

ಇಷ್ಟೆಲ್ಲ ವಿವರಿಸಲು ಒಂದು ಕಾರಣವಿದೆ. ಗುಣ ನಿಧಾನವೆಂದು ಬೇಸತ್ತವರು ಕೊನೆಗೆ ಔಷಧದಂಗಡಿಯಲ್ಲಿ ‘ಮುಖಕ್ಕೆ ಏನಾದರೂ ಕೊಡಿ’ ಎನ್ನುತ್ತಾರೆ. ಕೈಗೆ ಬರುವುದು ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್‌ಗಳಂಥ ಸ್ಟೀರಾಯ್ಡ್ ಇರುವ ಟ್ಯೂಬು. ಮೂರು ದಿನಗಳಲ್ಲಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗಾದಂತೆ ತೋರುತ್ತದೆ, ಮನೆಯವರೆಲ್ಲ ಅದನ್ನೇ ತರಿಸುತ್ತಾರೆ. ಕೆಲವು ತಿಂಗಳುಗಳಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಹೆಣ್ಣುಮಕ್ಕಳ ಕೆನ್ನೆಯಲ್ಲಿ ಕೂದಲು ಮೂಡುತ್ತದೆ, ಬಿಸಿಲು ಸೋಕಿದರೆ ಬೆಂಕಿ ತಾಗಿದಂತಾಗುತ್ತದೆ, ಬಿಟ್ಟರೆ ಮೊಡವೆ ಇಮ್ಮಡಿಯಾಗಿ ಮರಳುತ್ತದೆ. ಈ ಅನಾಹುತವನ್ನು ತಡೆಯಲೆಂದು ಚರ್ಮವೈದ್ಯರ ಸಂಘಟನೆ ವರ್ಷಗಳ ಕಾಲ ಒತ್ತಾಯಿಸಿತು. 2018ರಲ್ಲಿ ಕೇಂದ್ರ ಸರಕಾರ ಇಂಥ ಹದಿನಾಲ್ಕು ಸ್ಟೀರಾಯ್ಡ್‌ಗಳ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಕೂಡದ ಎಚ್ ಅನುಸೂಚಿಗೆ ತಂದಿತು. ಆದರೂ ಚೀಟಿ ಕೇಳದೆ ಕೊಡುವ ಅಂಗಡಿಗಳಿಗೆ ಬರವಿಲ್ಲ. ಟ್ಯೂಬಿನ ಅಂಚಿಗೆ ಕೆಂಪು ಗೆರೆಯಿದೆಯೇ ಎಂದು ನೋಡಿ. ಇದ್ದರೆ ಅದು ನೆರೆಮನೆಯವರ ಮಾತು ಕೇಳಿ ಹಚ್ಚುವ ವಸ್ತುವಲ್ಲ. ಲೇಬಲ್ಲಿನಲ್ಲಿ ಘಟಕಗಳ ಹೆಸರೇ ಇಲ್ಲದ, ವಾರದಲ್ಲಿ ಬಿಳುಪು ತರುವೆನೆನ್ನುವ ಡಬ್ಬಿ ಎಷ್ಟೇ ‘ಹರ್ಬಲ್’ ಎಂದು ಕರೆದುಕೊಂಡರೂ ದೂರವಿಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಮಾತ್ರವಲ್ಲ, ಮೂತ್ರಪಿಂಡವನ್ನು ಕೆಡಿಸುವ ಪಾದರಸವೂ ಸಿಕ್ಕಿದ ಉದಾಹರಣೆಗಳಿವೆ.

ನೊಸಲ ವಿಭೂತಿಯನ್ನು ಬಿಡಬೇಕೇ ಎಂದು ಹಿರಿಯರೊಬ್ಬರು ಮೊಮ್ಮಗಳ ಪರವಾಗಿ ಕೇಳಿದ್ದರು. ಬಿಡಬೇಕಿಲ್ಲ. ಸುಗಂಧ ಬೆರೆಸದ ಶುದ್ಧ ವಿಭೂತಿಯನ್ನು ಮಾಯಿಶ್ಚರೈಸರ್ ಆರಿದ ಮೇಲೆ ತೆಳುವಾಗಿ ಧರಿಸಿ, ರಾತ್ರಿ ಮುಖ ತೊಳೆಯುವಾಗ ಮೆಲ್ಲನೆ ತೆಗೆದರೆ ಸಾಕು. ಆಮ್ಲ ಅಥವಾ ರೆಟಿನಾಯ್ಡ್‌ನಿಂದ ಹಣೆ ಸಿಪ್ಪೆಯೆದ್ದಿರುವ ದಿನಗಳಲ್ಲಿ ಆ ಔಷಧವನ್ನು ಹಣೆಗೆ ಹಚ್ಚುವುದನ್ನು ನಿಲ್ಲಿಸಿ. ಕೃತಕ ಬಣ್ಣದ ಕುಂಕುಮ ಮತ್ತು ಅಂಟಿನ ಬಿಂದಿ ಕೆಲವರಿಗೆ ಒಗ್ಗುವುದಿಲ್ಲ. ಗುರುತು ಮೂಡಿದರೆ ಬದಲಿಸಬೇಕು.

ಆಹಾರದಲ್ಲಿ ಸಕ್ಕರೆ, ಮೈದಾ ಮತ್ತು ವ್ಯಾಯಾಮಶಾಲೆಯ ಹುಡುಗರು ಕುಡಿಯುವ ಹಾಲಿನ ಪ್ರೋಟೀನ್ ಪುಡಿ ಇವುಗಳನ್ನು ಇಳಿಸಿ ನೋಡಬಹುದು. ಗಂಟುಗಟ್ಟಿದ, ನೋಯುವ, ಗುಳಿ ಬೀಳಿಸುವ ಮೊಡವೆಗೆ ನನ್ನ ಲೇಪವಾಗಲಿ ಅಂಗಡಿಯ ಸೀರಮ್ ಆಗಲಿ ಸಾಲದು. ಅಂಥವರನ್ನು ತಡಮಾಡದೆ ಚರ್ಮರೋಗ ತಜ್ಞರಲ್ಲಿಗೆ ಕಳುಹಿಸುತ್ತೇನೆ. ಮುಟ್ಟು ತಪ್ಪುವ, ಗಲ್ಲದಲ್ಲಿ ಕೂದಲು ಬೆಳೆಯುವ ಹೆಣ್ಣುಮಕ್ಕಳು ಸ್ತ್ರೀರೋಗ ತಜ್ಞರನ್ನೂ ಕಾಣಬೇಕು. ಸ್ಟೀರಾಯ್ಡ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದವರು ಇದನ್ನೋದಿ ಹೆದರಿ ಇಂದೇ ಎಸೆಯಬೇಡಿ. ಅದನ್ನು ಬಿಡಿಸುವ ಕ್ರಮವೊಂದಿದೆ. ಅದೇ ಟ್ಯೂಬನ್ನು ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಹೋಗಿ.