ದ್ವೀಪದ ದನಿಗೆ ಬೆಲೆ ಕಟ್ಟುವವರು

ಲಾಭ ತಾರದ ಕಾರ್ಯವು ಕಾರ್ಯವೇ ಅಲ್ಲವೆಂಬ ಮತವೊಂದು ಲೋಕದಲ್ಲಿ ಬಲವಾಗಿ ಹಬ್ಬುತ್ತಿದೆ. ಅಂಗಡಿಗೆ ಸಲ್ಲುವ ಈ ನ್ಯಾಯವನ್ನು ಊರಬಾವಿಗೂ ದೀಪಸ್ತಂಭಕ್ಕೂ ಅನ್ವಯಿಸಹೊರಟರೆ ಒದಗುವ ಅನರ್ಥವೆಂತಹುದೆಂಬುದಕ್ಕೆ ಅಲಾಸ್ಕಾದ ಒಂದು ಪುಟ್ಟ ಬಾನುಲಿ ನಿಲಯದ ಚರಿತ್ರೆಯೇ ಸಾಕ್ಷಿ.

ಅಲ್ಲಿಯ ಪೋಪಾಫ್ ದ್ವೀಪದಲ್ಲಿ ಸ್ಯಾಂಡ್ ಪಾಯಿಂಟ್ ಎಂಬ ಬೆಸ್ತರ ಊರುಂಟು. 2020ರ ಗಣತಿಯಲ್ಲಿ ಅದರ ಜನಸಂಖ್ಯೆ 600ನ್ನೂ ಮುಟ್ಟಲಿಲ್ಲ. ಈ ಊರಿನ ಕೆ.ಎಸ್.ಡಿ.ಪಿ. ನಿಲಯವು 830 ಕಿಲೋಹರ್ಟ್ಸಿನ ಮಧ್ಯಮ ತರಂಗದಲ್ಲಿ ಮಾತನಾಡುತ್ತದೆ. ಉಪ್ಪುನೀರಿನ ಮೇಲೆ ಬಹುದೂರ ಸಾಗುವುದು ಆ ತರಂಗದ ಸಹಜಗುಣ.

ಅಲ್ಲಿಯ ಕಡಲಾದರೋ ಶಾಂತವಾದುದಲ್ಲ. 1946ರ ಏಪ್ರಿಲ್ 1ರಂದು, ಪಶ್ಚಿಮದ ಯುನಿಮಾಕ್ ದ್ವೀಪದ ಬಳಿ ಸಮುದ್ರತಳವು ಕಂಪಿಸಲು, ಎದ್ದ ತೆರೆಯು ಸ್ಕಾಚ್ ಕ್ಯಾಪಿನ ದೀಪಸ್ತಂಭವನ್ನೂ ಅದರೊಳಗಿದ್ದ ಐವರನ್ನೂ ಕೊಚ್ಚಿಕೊಂಡು ಹೋಯಿತು. ಕೆಲವು ಗಂಟೆಗಳ ಮೇಲೆ ದೂರದ ಹವಾಯಿಯಲ್ಲಿ 159 ಜನ ಮಡಿದರು. ಅವರಿಗೆ ಮುನ್ಸೂಚನೆ ಕೊಡಬಲ್ಲವರಾರೂ ಇರಲಿಲ್ಲ. ಆ ದುರಂತದಿಂದ ಬುದ್ಧಿ ಕಲಿತು 1949ರಲ್ಲಿ ಹವಾಯಿಯಲ್ಲಿ ಎಚ್ಚರಿಕೆಯ ಕೇಂದ್ರವನ್ನು ಸ್ಥಾಪಿಸಿದರು. ಆದರೆ ಎಚ್ಚರಿಕೆಯು ಕೇಂದ್ರದಲ್ಲಿ ಹುಟ್ಟಿದರೆ ಸಾಲದು. ದೋಣಿಯಲ್ಲಿರುವವನ ಕಿವಿಗೂ ಅದು ಮುಟ್ಟಬೇಕು. ವ್ಯಾಪಾರಿಗಳು ಕಾಲಿಡದಂತಹ ಎಡೆಗಳಲ್ಲಿ ಇಂತಹ ನಿಲಯಗಳು ಉಸಿರಾಡಿದುದು, 1967ರಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಶಾಸನದಿಂದ ಹುಟ್ಟಿದ ಸಾರ್ವಜನಿಕ ಪ್ರಸಾರ ನಿಗಮದ ಧನಸಹಾಯದಿಂದಲೇ.

2025ರ ಜುಲೈ 16ರ ಮಧ್ಯಾಹ್ನ ಸ್ಯಾಂಡ್ ಪಾಯಿಂಟಿನ ದಕ್ಷಿಣಕ್ಕೆ 7.3 ಪ್ರಮಾಣದ ಭೂಕಂಪವಾಯಿತು. ಕೆ.ಎಸ್.ಡಿ.ಪಿ.ಯು ಸುನಾಮಿಯ ಎಚ್ಚರಿಕೆಯನ್ನು ಸಾರುತ್ತಿದ್ದ ಆ ದಿನವೇ, ವಾಷಿಂಗ್ಟನ್ನಿನ ಸೆನೆಟ್ ಸಭೆಯು ನಿಗಮದ ಧನವನ್ನು ಹಿಂದೆಗೆದುಕೊಳ್ಳುವ ಚರ್ಚೆಯಲ್ಲಿ ಮಗ್ನವಾಗಿತ್ತು. ಮರುದಿನ ನಸುಕಿನೊಳಗೆ 51ಕ್ಕೆ 48 ಮತಗಳಿಂದ ಅದು ಅಂಗೀಕೃತವಾಯಿತು. ಎರಡು ವರ್ಷಗಳ ಬಾಬ್ತು 110 ಕೋಟಿ ಡಾಲರು ಹೀಗೆ ಹೋಯಿತು. ಆ ದೇಶದ ಜನಕ್ಕೆ ಹಂಚಿ ನೋಡಿದರೆ ತಲೆಗೆ ವರ್ಷಕ್ಕೆ 2 ಡಾಲರೂ ಆಗದು!

ನಿಗಮದ ವಾರ್ತೆಗಳು ಪಕ್ಷಪಾತದವೆಂಬುದು ಪ್ರತಿಪಕ್ಷಿಗಳ ಮೊದಲನೆಯ ಆಕ್ಷೇಪ. ಇರಬಹುದು, ಇಲ್ಲದಿರಬಹುದು. ರಾಜಧಾನಿಯ ವಾರ್ತೆಗಾರರ ಮೇಲಣ ಕೋಪಕ್ಕೆ ಬೆಸ್ತರ ನಿಲಯವು ಹೊಣೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಕೈಯಲ್ಲೇ ದೂರವಾಣಿಯಿರಲು ಬಾನುಲಿಯೇಕೆಂಬುದು ಎರಡನೆಯದು. ತೀರದ ಗೋಪುರದ ಸಂಕೇತವು ನಡುಗಡಲಿಗೆ ಮುಟ್ಟದೆಂಬುದನ್ನು ಅವರು ಅರಿಯರು. ಊರವರೇ ಚಂದಾ ಎತ್ತಿ ನಡೆಸಲೆಂಬುದು ಮೂರನೆಯದು. ಹಾಯುವ ಹಡಗುಗಳಿಗೆಲ್ಲ ದಾರಿ ತೋರುವ ದೀಪಕ್ಕೆ ಎಣ್ಣೆಯನ್ನು 600 ಜನರೇ ಎರೆಯಬೇಕೆಂಬುದು ಯಾವ ಧರ್ಮ?

ಅಂದಿನ ತೆರೆಯು ಅತ್ಯಲ್ಪವಾಗಿತ್ತಲ್ಲವೇ ಎಂದು ಕೊನೆಗೆ ಕೆಲವರು ನಗಬಹುದು. ಅಹುದು, ಅಲ್ಪವೇ. ಆದರೆ ಒಂದು ದಿನ ಮಳೆ ಬಾರದಿದ್ದ ಮಾತ್ರಕ್ಕೆ ಮಾಡಿನ ಹೆಂಚನ್ನು ಮಾರಿಕೊಳ್ಳುವ ಗೃಹಸ್ಥನನ್ನು ವಿವೇಕಿಯೆಂದು ಯಾರೂ ಕರೆಯರು.

2026ರ ಜನವರಿಯಲ್ಲಿ ನಿಗಮವು ತನ್ನನ್ನು ತಾನೇ ವಿಸರ್ಜಿಸಿಕೊಳ್ಳಲು ನಿರ್ಣಯಿಸಿತು. ಉಳಿಸಿದ ಡಾಲರುಗಳ ಲೆಕ್ಕ ಆಳುವವರ ಕಡತದಲ್ಲಿ ಭದ್ರವಾಗಿದೆ. ಕಡಲಿಗೆ ಮಾತ್ರ ಲೆಕ್ಕ ಓದಲು ಬಾರದು. 1946ರಲ್ಲಿ ಅದು ಬಂದಂತೆಯೇ ಇನ್ನೊಮ್ಮೆ ಹೇಳದೆ ಬರುತ್ತದೆ. ಆ ಹೊತ್ತಿನಲ್ಲಿ ಕೂಗಿ ಎಬ್ಬಿಸುವ ದನಿಯೊಂದು ದ್ವೀಪದಲ್ಲಿ ಇರಬೇಕೇ ಬೇಡವೇ ಎಂಬುದಕ್ಕೆ, ಮತ ಹಾಕಿದವರೇ ಉತ್ತರ ಹೇಳಬೇಕು.