ನಲವತ್ತು ಮರಿಗಳನ್ನು ಎಲ್ಲಿಡುತ್ತೀರಿ?

2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಲಗೇಜಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ್ದು ಹತ್ತು ಹಳದಿ ಅನಕೊಂಡಗಳು. ದಕ್ಷಿಣ ಅಮೆರಿಕದ ಜೌಗಿನ ಹಾವು ಥಾಯ್ಲೆಂಡ್ ಮಾರ್ಗವಾಗಿ ಇಲ್ಲಿಗೆ ಬರುತ್ತದೆಂದರೆ ಕೊಳ್ಳುವವರು ಇದ್ದಾರೆ ಎಂದೇ ಲೆಕ್ಕ. ಕಳ್ಳಸಾಗಣೆ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನು ಪ್ರಕಾರವೇ ಇಲ್ಲಿ ಸಾಕಿ ಮರಿ ಮಾಡಿಸಿದರೆ ತಪ್ಪೇನು ಎನ್ನುತ್ತಾರಲ್ಲ, ನನ್ನ ತಕರಾರು ಅವರೊಂದಿಗೆ.

ಅನಕೊಂಡ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ದೊಡ್ಡ ಜಾತಿಯಾದ ಹಸಿರು ಅನಕೊಂಡಕ್ಕೆ ಒಂದೇ ಸೂಲಿಗೆ ಇಪ್ಪತ್ತರಿಂದ ನಲವತ್ತು ಮರಿ ಸಾಮಾನ್ಯ. ಹುಟ್ಟಿದಾಗ ಎರಡು ಅಡಿಯ ಮರಿ ಮುಂಗೈಗೆ ಬಳೆಯಂತೆ ಸುತ್ತಿಕೊಂಡು ಆಸೆ ಹುಟ್ಟಿಸುತ್ತದೆ. ಅದು ಹೆಣ್ಣಾಗಿದ್ದರೆ ಬೆಳೆದು ಹದಿನೈದು ಅಡಿ ಮುಟ್ಟಬಹುದು, ಐವತ್ತು ಕಿಲೋ ತೂಗಬಹುದು. ಆಗ ಗಾಜಿನ ಪೆಟ್ಟಿಗೆ ಸಾಲದು. ಮೈಯೆಲ್ಲ ಮುಳುಗುವಂಥ ಬೆಚ್ಚನೆಯ ನೀರಿನ ತೊಟ್ಟಿ ಬೇಕು. ಹಾವು ಹೊಲಸು ಮಾಡುವುದೂ ಆ ನೀರಲ್ಲೇ. ಹಾಗಾಗಿ ತೊಟ್ಟಿ ಬರಿದು ಮಾಡಿ ತೊಳೆಯುವ ಕೆಲಸ ಮುಗಿಯುವುದೇ ಇಲ್ಲ. ತೊಳೆಯಲು ಒಬ್ಬ, ಹಾವಿನ ತಲೆಯ ಮೇಲೆ ಕಣ್ಣಿಡಲು ಇನ್ನೊಬ್ಬ. 2014ರಲ್ಲಿ ಶ್ರೀಲಂಕಾದಿಂದ ತಿರುವನಂತಪುರ ಮೃಗಾಲಯಕ್ಕೆ ಬಂದ ಅನಕೊಂಡಗಳಲ್ಲಿ ಕೆಲವು ಮುಂದೆ ಅಮೀಬಾ ಸೋಂಕಿಗೆ ಬಲಿಯಾದವು. ಪಶುವೈದ್ಯರಿರುವ ಕಡೆಯೇ ಈ ಪಾಡು. ಮರಿ ಬೇಡವೆಂದರೆ ಗಂಡು ಹಾವನ್ನು ಬೇರೆ ಇಟ್ಟರಾಯಿತು ಎನ್ನುವಂತೆಯೂ ಇಲ್ಲ. 2019ರಲ್ಲಿ ಅಮೆರಿಕದ ಬಾಸ್ಟನ್ನಿನ ಅಕ್ವೇರಿಯಂ ಒಂದರಲ್ಲಿ, ಬರೀ ಹೆಣ್ಣುಗಳೇ ಇದ್ದ ತೊಟ್ಟಿಯಲ್ಲಿ, ಗಂಡಿನ ಸಂಗವಿಲ್ಲದೆ ಹಸಿರು ಅನಕೊಂಡವೊಂದು ಮರಿ ಹಾಕಿತು. ಹೆಚ್ಚಿನವು ಸತ್ತೇ ಹುಟ್ಟಿದರೂ ಎರಡು ಬದುಕುಳಿದವು.

ಸಾಕಿ ಬೆಳೆಸಿದರೆ ಸಂತತಿ ಉಳಿಯುತ್ತದೆ ಎಂಬುದು ಮೊದಲ ಸಮರ್ಥನೆ. ಹಸಿರು ಅನಕೊಂಡ ಅಳಿವಿನಂಚಿನ ಪ್ರಾಣಿಯೇ ಅಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅದು ಆತಂಕ ಕಡಿಮೆ ಇರುವ ವರ್ಗದಲ್ಲಿದೆ. ಬೆಂಗಳೂರಿನ ಮನೆಯಲ್ಲಿ ಹುಟ್ಟಿದ ಮರಿಯನ್ನು ಅಮೆಜಾನ್‌ಗೆ ಕೊಂಡೊಯ್ದು ಬಿಡುವವರು ಯಾರು? ಎರಡನೆಯ ಮಾತಿನಲ್ಲಿ ಸತ್ಯವಿದೆ: ಶ್ರದ್ಧೆಯಿಂದ ಸಾಕುವವರು ಇದ್ದಾರೆ, ಅನಕೊಂಡಕ್ಕಿಂತ ನಾಯಿ ಕಚ್ಚಿ ಸಾಯುವವರೇ ನಮ್ಮಲ್ಲಿ ಹೆಚ್ಚು. ಒಪ್ಪೋಣ. ಆದರೆ ಇಲ್ಲಿ ಪ್ರಶ್ನೆ ಸಾಕುವವನ ಶ್ರದ್ಧೆಯದಲ್ಲ, ಅವನು ಮಾರುವ ನಲವತ್ತು ಮರಿಗಳದ್ದು. ನಲವತ್ತು ಮಂದಿಗೂ ಅದೇ ಶ್ರದ್ಧೆ ಇರಬೇಕೆಂದರೆ ಹೇಗೆ? ಫ್ಲಾರಿಡಾದಲ್ಲಿ ಸಾಕಲಾಗದೆ ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನ ಸಸ್ತನಿಗಳನ್ನು ಬಹುಮಟ್ಟಿಗೆ ಬಳಿದುಹಾಕಿದವು. ಆ ಪಾಠ ಕಲಿತ ರಾಜ್ಯ 2021ರಲ್ಲಿ ಹಸಿರು ಅನಕೊಂಡವನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. ವರ್ಷವಿಡೀ ಬೆಚ್ಚಗಿರುವ ನಮ್ಮ ಕರಾವಳಿಯ ಹಿನ್ನೀರು ಇಂಥ ಹಾವಿಗೆ ಒಗ್ಗದ ಜಾಗವೇನಲ್ಲ.

ನಮ್ಮ ಕಾನೂನಿನಲ್ಲಿ ಒಂದು ದೊಡ್ಡ ಕಂಡಿ ಇದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ, ವಿದೇಶಿ ಪ್ರಾಣಿ ಸಾಕಿದವರು ವಿವರ ಕೊಡಬೇಕು, ಮರಿ ಹುಟ್ಟಿದರೆ ತಿಳಿಸಬೇಕು ಎನ್ನುತ್ತದೆ. ಮರಿ ಮಾಡಿಸಲು ಪರವಾನಗಿ ಬೇಕಾಗಿರುವುದು ಮಾತ್ರ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಒಂದನೇ ಪಟ್ಟಿಯ ಪ್ರಾಣಿಗಳಿಗೆ. ಅನಕೊಂಡ ಇರುವುದು ಎರಡನೇ ಪಟ್ಟಿಯಲ್ಲಿ. ಕೇಂದ್ರದ ಪರಿಸರ ಸಚಿವಾಲಯ ದೊಡ್ಡ ಅನಕೊಂಡಗಳಿಗೂ ಪರವಾನಗಿ ಕಡ್ಡಾಯ ಮಾಡಲಿ, ಮನೆಗಳಲ್ಲಿ ಮರಿ ಮಾಡಿಸಿ ಮಾರುವುದನ್ನು ನಿಲ್ಲಿಸಲಿ. ಈಗಾಗಲೇ ಸಾಕಿರುವವರು ತಮ್ಮ ಹಾವನ್ನು ಕೊನೆಯವರೆಗೆ ನೋಡಿಕೊಳ್ಳಲಿ.