ಅಜ್ಜನ ರೂಲು ತಪ್ಪಲ್ಲ, ಹಳೇದು

ಕೊಟ್ಟೂರೇಶ್ವರನ ತೇರಿಗೋ ಸೆಮಿಸ್ಟರ್ ರಜೆಗೋ ಊರಿಗೆ ಹೋದಾಗ ಕೊಟ್ಟೂರು ಕಡೆಯ ನಮ್ಮ ಮನೆಗಳಲ್ಲಿ ಒಂದು ಜಗಳ ಗ್ಯಾರಂಟಿ. ಚೆಸ್ ಬೋರ್ಡು ಹಾಸಿ, ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಇಟ್ಟುಕೊಂಡು ಕೂತರೆ ಮೊದಲ ನಡೆಗೇ ಶುರು. "ಕಾಲಾಳು ಮೊದ್ಲಿಗೆ ಎಲ್ಡು ಮನಿ ಹೋಗ್ತತಿ ಅಜ್ಜ." "ಯಾವನಲೇ ನಿಂಗ ಹೇಳ್ದೋನು? ಒಂದೇ ಮನಿ." ಸ್ವಲ್ಪ ಹೊತ್ತಿಗೆ ಅಜ್ಜನ ರಾಜ ಕುದುರೆ ಹಾಗೆ ಹಾರುತ್ತಾನೆ. ಮೊಮ್ಮಗ ಮೊಬೈಲ್ ತೆಗೆದು ರೂಲು ತೋರಿಸುತ್ತಾನೆ. ಅಜ್ಜ ಕನ್ನಡಕ ಮಡಚಿ ಎದ್ದು ಹೋಗುತ್ತಾರೆ.

ಈ ಜಗಳದಲ್ಲಿ ಅಜ್ಜನೂ ಸರಿ ಅನ್ನೋದು ನಮ್ಮ ವಾದ. ಕಾಲಾಳಿಗೆ ಯಾವಾಗಲೂ ಒಂದೇ ಮನೆ. ಚೆಕ್ ಬೀಳುವ ಮೊದಲು ರಾಜನಿಗೆ ಒಂದೇ ಒಂದು ಸಲ ಕುದುರೆ ನಡೆ. ಕಾಸ್ಲಿಂಗ್ ಇಲ್ಲ. ಕೊನೆ ಮನೆ ಮುಟ್ಟಿದ ಕಾಲಾಳು ಆನೆಯ ಸಾಲಲ್ಲಿದ್ದರೆ ಆನೆ, ಕುದುರೆಯ ಸಾಲಲ್ಲಿದ್ದರೆ ಕುದುರೆ. ಇವೆಲ್ಲ ಅಜ್ಜ ಸೋಲು ತಪ್ಪಿಸಿಕೊಳ್ಳೋಕೆ ಹುಟ್ಟಿಸಿದ್ದಲ್ಲ; ನಮ್ಮ ದೇಶದಲ್ಲಿ ಹಿಂದಿನಿಂದ ಆಡುತ್ತಿದ್ದ ದೇಶಿ ಚದುರಂಗದ ನಿಯಮಗಳು. ಊರಿಂದೂರಿಗೆ ಚೂರುಪಾರು ಬದಲಾಗುತ್ತವೆ. ಆ್ಯಪಿನಲ್ಲಿರೋದು ಇಲ್ಲಿಂದ ಪರ್ಷಿಯಾ ಹಾದು, ಯುರೋಪಿನಲ್ಲಿ ಬದಲಾಗಿ ಬಂದ ಆಟ. ನಮ್ಮ ಭಾಷೆಯಲ್ಲೇ ಹೇಳೋದಾದರೆ ಎರಡು ಬೇರೆ ವರ್ಷನ್, ಅಷ್ಟೇ.

ಹಳೇ ವರ್ಷನ್ ಅಂದರೆ ಲೆಕ್ಕಕ್ಕಿಲ್ಲದ ಆಟ ಅನ್ನುವವರು ಪಂಜಾಬಿನ ಮೀರ್ ಸುಲ್ತಾನ್ ಖಾನ್ ಬಗ್ಗೆ ಓದಬೇಕು. ಅಪ್ಪನಿಂದ ದೇಶಿ ಆಟ ಕಲಿತವರು. ದೊಡ್ಡವರಾದ ಮೇಲೆ ಯುರೋಪಿನ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕ್ಯಾಪಾಬ್ಲಾಂಕಾರನ್ನೇ ಸೋಲಿಸಿದರು. ಆ ಕ್ಯಾಪಾಬ್ಲಾಂಕಾ ಕೂಡ ನಾಲ್ಕನೇ ವಯಸ್ಸಿಗೆ ಅಪ್ಪ ಆಡೋದನ್ನು ನೋಡಿ ಕಲಿತವರು. ನಮ್ಮ ವಿಶ್ವನಾಥನ್ ಆನಂದ್‌ಗೆ ಕಲಿಸಿದ್ದು ತಾಯಿ ಸುಶೀಲಾ. (ಮೊಮ್ಮಗನಿಗಷ್ಟೇ ಆಟ ಹೇಳಿಕೊಟ್ಟು ಮೊಮ್ಮಗಳನ್ನು ಚಹಾ ತರೋಕೆ ಕಳಿಸುವ ಅಜ್ಜಂದಿರು ಇದನ್ನು ಕೇಳಿಸಿಕೊಳ್ಳಲಿ. ಆ ವಿಷಯದಲ್ಲಿ ನಾವು ಅಜ್ಜನ ಪರ ಇಲ್ಲ.)

ಇನ್ನೊಂದು ಮಾತು. ಬ್ಯಾಕ್‌ಟ್ರ್ಯಾಕಿಂಗ್ ಪಾಠದಲ್ಲಿ ನೈಟ್ಸ್ ಟೂರ್ ಬರುತ್ತಲ್ಲ, ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಬೇಕು ಅನ್ನೋದು? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅಂಥವನ್ನು ಕೈಯಲ್ಲೇ ರಚಿಸಿದ್ದರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ 'ಕೌತುಕನಿಧಿ' ಎಂಬ ಭಾಗ ಆಟಗಳಿಗೇ ಮೀಸಲು. ಅರಮನೆಯ ಆಟ ಹೀಗೆ ಪುಸ್ತಕ ಸೇರಿತು. ನಮ್ಮ ಮನೆಯ ಆಟ ಬಾಯಿಂದ ಬಾಯಿಗೆ ಬಂದದ್ದು. ಎದುರಿಗೆ ಕೂರುವವರಿಲ್ಲ ಅಂತ ಅಜ್ಜ ಬೋರ್ಡು ಎತ್ತಿಟ್ಟ ದಿನ ಅದೂ ಮುಗೀತು. ಗೂಗಲ್ಲಿನಲ್ಲಿ ಹುಡುಕಿದರೆ ಸಿಗಲ್ಲ.

ಹಾಗಂತ ಟೂರ್ನಮೆಂಟಿನಲ್ಲಿ ರಾಜನನ್ನು ಹಾರಿಸಿ ಅಂತಿಲ್ಲ. ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು ಫಿಡೆ ನಿಯಮದಲ್ಲೇ. ಮನೆಯಲ್ಲಿ ಮಾತ್ರ ಒಂದಾಟ ನಮ್ಮ ರೂಲು, ಒಂದಾಟ ಅಜ್ಜನ ರೂಲು. ಆಡುತ್ತಾ ಬರೆದುಕೊಳ್ಳಿ: ಬಿಷಪ್ಪಿಗೆ ಒಂಟೆ ಅಂತಾರೋ ರಥ ಅಂತಾರೋ, ಬರೀ ರಾಜ ಉಳಿದರೆ ಸೋಲೋ ಡ್ರಾನೋ, ಅಜ್ಜನಿಗೆ ಆಟ ಕಲಿಸಿದ್ದು ಯಾರು. ಬರೆದದ್ದನ್ನು ಸಂಘಕ್ಕೆ ಕಳಿಸಿ. ಕೂಡ್ಲಿಗಿಯ ರಾಜ ಹಾರುವಷ್ಟೇ ಹಡಗಲಿಯ ರಾಜನೂ ಹಾರ್ತಾನಾ ಅಂತ ಮುಂದಿನ ಸಂಚಿಕೆಯಲ್ಲಿ ನೋಡೇಬಿಡೋಣ.